ಇಳಕಲ್ ಸೀರೆಯ ವೆಬ್‌ಸೈಟ್‌ಗೆ ಮಾಹಿತಿ: ಫಾರ್ಮಾ, ವಾಯ್ಸ್ ಮೆಸೇಜಾ, ಮಗ್ಗದ ಮನೆಯಾ?

ಇಳಕಲ್‌ನಲ್ಲಿ ನೇಯುವ 7 ಮನೆಯವರು ಸೇರಿ ಒಂದು ವೆಬ್‌ಸೈಟ್ ಮಾಡಿಸೋಣ ಅಂದರು. ಅದರಲ್ಲಿ ಏನೇನು ಇರಬೇಕು ಅಂತ ಕೂಡಿಸುವ ಕೆಲಸ ನನಗೆ ಬಂತು. ಡಿಸೈನ್ ಮಾಡುವ ಹುಡುಗ, "ಅಕ್ಕಾರ, ಬರಹ, ಫೋಟೋ ಕೊಡ್ರಿ, ಮುಂದಿಂದು ನಾ ನೋಡ್ಕೋತೀನಿ" ಅಂದ. ಆ ಬರಹ, ಫೋಟೋಗಾಗಿ ನಾನು ಮೂರು ದಾರಿ ಹಿಡಿದು ನೋಡಿದೆ.

ಮೊದಲು ಗೂಗಲ್ ಫಾರ್ಮ್. ಕನ್ನಡದಲ್ಲೇ 12 ಪ್ರಶ್ನೆ. ಉತ್ತರಗಳು ಶೀಟ್‌ನಲ್ಲಿ ಸಾಲಾಗಿ ಬಂದು ಕೂರುತ್ತವೆ. ಬೆಲೆ, ಬಣ್ಣ, ಎಷ್ಟು ಗಜ, ಇಂಥವಕ್ಕೆ ಇದೇ ಸರಿ. ಆದರೆ "ನಿಮ್ಮ ಸೀರೆಯ ವಿಶೇಷ ಏನು?" ಅಂದಿದ್ದಕ್ಕೆ 4 ಮನೆಯಿಂದ ಬಂದಿದ್ದು "ಛಲೋ ಕ್ವಾಲಿಟಿ" ಅಂತ ಅಷ್ಟೇ. ಫೋಟೋ ಹಾಕುವ ಜಾಗ ಇಟ್ಟರೆ ಗೂಗಲ್ ಖಾತೆಗೆ ಲಾಗಿನ್ ಆಗಿ ಅನ್ನುತ್ತದೆ. ಪಾಸ್‌ವರ್ಡ್ ಗೊತ್ತಿರುವುದು ಮಗನಿಗೆ, ಮಗ ಇರುವುದು ಬೆಂಗಳೂರಿನಲ್ಲಿ. ಉಳಿದ 3 ಮನೆಯವರು ಅಲ್ಲಿಗೇ ಬಿಟ್ಟರು.

ಆಮೇಲೆ ವಾಟ್ಸಾಪ್. "ಬರೀಬ್ಯಾಡ್ರಿ ಕಾಕಾ, ಮಾತಾಡಿ ಕಳಸ್ರಿ" ಅಂದೆ. ಫಾರ್ಮ್‌ನಲ್ಲಿ ಎರಡು ಪದ ಬರೆದಿದ್ದ ಅದೇ ಕಾಕಾ, ಸೆರಗಿನ ತೋಪುತೆನೆ ಅನ್ನುವ ವಿನ್ಯಾಸದ ಬಗ್ಗೆ ಒಂದೇ ಉಸಿರಿಗೆ 4 ನಿಮಿಷ ಮಾತಾಡಿದರು. ಕೆಂಪು ಪಟ್ಟಿ ಮೂರು, ನಡುವೆ ಬಿಳಿ ಎರಡು, ಜೋಳದ ತೆನೆಯ ಆಕಾರ ಯಾವುದು, ಹಣಿಗೆ ಯಾವುದು, ಎಲ್ಲ ಬಂತು. ಕಷ್ಟ ಇರುವುದು ಅದನ್ನು ಬರಹಕ್ಕೆ ಇಳಿಸುವಾಗ. ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್‌ಗೆ ಕನ್ನಡ ಬರುತ್ತದೆ, ಆದರೆ ನಮ್ಮ ಕಡೆಯ ಮಾತು, ಹಿಂದೆ ಮಗ್ಗದ ಸದ್ದು ಸೇರಿದರೆ ಏನೇನೋ ಬರೆಯುತ್ತದೆ. ಕೊನೆಗೆ ಇಯರ್‌ಫೋನ್‌ನಲ್ಲಿ ಕೇಳುತ್ತಾ, ಅದೇ ಮಾತನ್ನು ನಾನು ನಿಧಾನವಾಗಿ ತಿರುಗಿ ಹೇಳಿದೆ. ಆಗ ಮುಕ್ಕಾಲು ಪಾಲು ಸರಿ ಬಂತು.

ಫೋಟೋ ವಿಷಯದಲ್ಲಿ ಒಂದು ಎಚ್ಚರಿಕೆ. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಫೋಟೋ ಕುಗ್ಗುತ್ತದೆ. ಚಿಕ್ಕಿ ಪರಾಸ್ ಅನ್ನುವ ದಡಿಯ (ಸೀರೆಯ ಅಂಚಿನ) ಸಣ್ಣ ಕೆಲಸವೆಲ್ಲ ಕಲಸಿಹೋಗಿತ್ತು. ಡಾಕ್ಯುಮೆಂಟ್ ಅಂತ ಕಳಿಸಿದಾಗ ಮೂಲ ಫೋಟೋ ಹಾಗೇ ಬಂತು. ಒಂದು ಮನೆಯವರು ಪೆನ್‌ಡ್ರೈವ್‌ನಲ್ಲಿ ಹಳೆಯ ಕರಪತ್ರ ಕೊಟ್ಟರು. ಅದು ಹಳೆಯ ನುಡಿ ಫಾಂಟ್‌ನದು, ವೆಬ್‌ಸೈಟ್‌ಗೆ ಬೇಕಾದ ಯೂನಿಕೋಡ್‌ಗೆ ಬದಲಿಸಿ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಬೇಕಾಯಿತು.

ಮೂರನೆಯದು, ಮನೆಗೇ ಹೋಗಿ ಕೂತಿದ್ದು. ಒಂದು ಮನೆಗೆ ಅರ್ಧ ದಿನ ಬೇಕು, ಹೌದು. ಆದರೆ ಅಲ್ಲಿ ಸಿಕ್ಕಿದ್ದು ಬೇರೆಲ್ಲೂ ಸಿಗಲಿಲ್ಲ. ಆ ಮನೆಯ ಅವ್ವ ಮಗ್ಗದ ಹತ್ತಿರ ಕೂತು ಒಡಲಿನ ಹತ್ತಿ ಎಳೆಯ ಕುಣಿಕೆಗೆ ಸೆರಗಿನ ರೇಷ್ಮೆ ಎಳೆ ತೂರಿಸುತ್ತಿದ್ದರು. ಒಂದಾದ ಮೇಲೆ ಒಂದು, ಕಣ್ಣು ಎತ್ತದೆ. "ಏನ್ರಿ ಇದು ಅವ್ವಾ?" ಅಂದೆ. "ಕೊಂಡಿ ಹಾಕಾಕತ್ತೀನಿ ಬಾಳಾ. ಇದನ್ನೂ ಕೇಳ್ತಾರೇನು ಮಂದಿ?" ಅಂದರು. ಇಳಕಲ್ ಸೀರೆಯ ಜೀವವೇ ಆ ಕೊಂಡಿ! ಅದರಿಂದಾಗಿಯೇ ಪ್ರತಿ ಸೀರೆಗೂ ಬೇರೆ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹಾಯುವ ಎಳೆ, ಮಾಡಿಕೊಳ್ಳಬೇಕು. 7 ಫಾರ್ಮ್ ಕಳಿಸಿದರೂ, ಅಷ್ಟು ವಾಯ್ಸ್ ಮೆಸೇಜ್ ಬಂದರೂ, ಒಬ್ಬರೂ ಅದರ ಹೆಸರು ಎತ್ತಿರಲಿಲ್ಲ. ದಿನಾ ಮಾಡುವ ಕೆಲಸ ಅವರಿಗೆ ಹೇಳುವ ವಿಷಯ ಅನ್ನಿಸುವುದಿಲ್ಲ, ಅಲ್ವಾ?

ನನ್ನ ಪುಟಗಳ ಪಟ್ಟಿ ಬದಲಾಗಿದ್ದೂ ಅಲ್ಲೇ. ನಾನು ಮೊದಲೇ "ಮುಖಪುಟ, ನಮ್ಮ ಬಗ್ಗೆ, ಇತಿಹಾಸ, ಸಂಪರ್ಕ" ಅಂತ ಬರೆದಿಟ್ಟುಕೊಂಡಿದ್ದೆ. ಕೂತಿದ್ದಾಗ ಗಿರಾಕಿಗಳ ಫೋನ್ ಬರುತ್ತಲೇ ಇತ್ತು. ಬಣ್ಣ ಬಿಡುತ್ತಾ? ಒಡಲು ಪೂರ್ತಿ ಹತ್ತಿಯದಾ? 9 ಗಜದ್ದು ಸಿಗುತ್ತಾ? ಸೆರಗು ಹೊಲಿದಿದ್ದಾ, ನೇಯ್ದಿದ್ದಾ? ಆ ಪ್ರಶ್ನೆಗಳನ್ನೇ ಪುಟಗಳ ಹೆಸರು ಮಾಡಿದೆ. ಇತಿಹಾಸ ಒಂದು ಪ್ಯಾರಾಕ್ಕೆ ಇಳಿಯಿತು, ಕೊಂಡಿಗೆ ಪೂರ್ತಿ ಒಂದು ಪುಟ ಸಿಕ್ಕಿತು.

ಮತ್ತೆ ಮಾಡುವುದಾದರೆ ಮೊದಲು ಎರಡು ಮನೆಗೆ ಹೋಗಿ ಕೂರುತ್ತೇನೆ. ಅಲ್ಲಿ ಹುಟ್ಟಿದ ಪ್ರಶ್ನೆಗಳನ್ನು ಉಳಿದವರಿಗೆ ಒಂದೊಂದಾಗಿ, ಸೀರೆಯ ಫೋಟೋ ಜೊತೆ, ವಾಟ್ಸಾಪ್‌ನಲ್ಲಿ ಕೇಳುತ್ತೇನೆ. ಫಾರ್ಮ್ ಬೆಲೆಪಟ್ಟಿಗೆ ಮಾತ್ರ. ಬಣ್ಣದ ಪುಟ ಇನ್ನೂ ಖಾಲಿ ಇದೆ. ಮುಂದಿನ ವಾರ ನೂಲು ಅದ್ದುವ ದಿನ ಬೆಳಿಗ್ಗೆ ಬೇಗ ಬಾ ಅಂದಿದ್ದಾರೆ ಕಾಕಾ.