ಲಕ್ಷುರಿ ಕಾರ್ ಸರ್ವಿಸ್: ಕಂಪನಿ ಸೆಂಟರ್ರಾ, ಹೊರಗಿನ ಸ್ಪೆಷಲಿಸ್ಟ್ ಗ್ಯಾರೇಜಾ?

ಎರಡೂ ಕಡೆ ಮಾಡ್ಸಿ ನೋಡಿದೀನಿ. ವಾರಂಟಿ ಇರೋವರ್ಗೂ ಕಂಪನಿ ಸರ್ವಿಸ್ ಸೆಂಟರ್, ಆಮೇಲೆ ಜರ್ಮನ್ ಗಾಡಿಗಳನ್ನ ಮಾತ್ರ ಮುಟ್ಟೋ ಒಂದು ಹೊರಗಿನ ಗ್ಯಾರೇಜು, ನಡುವೆ ಒಂದ್ಸಲ ರೀಕಾಲ್ (ದೋಷ ಸರಿಮಾಡೋಕೆ ಕಂಪನೀನೇ ಗಾಡಿ ವಾಪಸ್ ಕರೆಸ್ಕೊಳ್ಳೋದು) ಬಂತು ಅಂತ ವಾಪಸ್ ಕಂಪನಿಗೂ ಹೋಗ್ಬಂದೆ. ಗಾಡಿ ಡೀಸೆಲ್ ಸೆಡಾನ್, ಆಟೊಮ್ಯಾಟಿಕ್. ಎಲ್ರೂ ಮೊದ್ಲು ಕೇಳೋದು ಬಿಲ್ ಎಷ್ಟಾಯ್ತು ಅಂತ. ನಾನಾದ್ರೆ ಜಾಬ್ ಕಾರ್ಡಲ್ಲಿ, ಅಂದ್ರೆ ಮಾಡೋ ಕೆಲಸದ ಪಟ್ಟೀಲಿ, ಏನೇನು ಬರ್ದಿದಾರೆ, ಏನು ಬಿಟ್ಟಿದಾರೆ ಅಂತ ಮೊದ್ಲು ನೋಡ್ತೀನಿ.

ಮಾಮೂಲಿ ಸರ್ವಿಸ್ ಅಂದ್ರೆ ದೊಡ್ಡ ರಹಸ್ಯ ಏನಿಲ್ಲ: ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡ್ರೈನ್ ಪ್ಲಗ್ಗಿನ ವಾಷರ್, ಕಿಲೋಮೀಟರ್ ನೋಡ್ಕೊಂಡು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಎಸಿ ಫಿಲ್ಟರ್, ಬಹುತೇಕ 2 ವರ್ಷಕ್ಕೊಂದ್ಸಲ ಬ್ರೇಕ್ ಆಯಿಲ್, ಜೊತೆಗೆ ಬ್ರೇಕ್ ಪ್ಯಾಡು, ಟೈರು, ಸಸ್ಪೆನ್ಷನ್ ಎಲ್ಲ ನೋಡಿ ಕಂಪ್ಯೂಟರ್ ಸ್ಕ್ಯಾನ್ ಹಾಕೋದು. ಮರ್ಸಿಡಿಸಲ್ಲಿ ಇದಕ್ಕೆ ಎ ಸರ್ವಿಸ್, ಬಿ ಸರ್ವಿಸ್ ಅಂತಾರೆ, ಎ ಚಿಕ್ಕದು ಬಿ ದೊಡ್ಡದು. ಬಿಎಂಡಬ್ಲ್ಯುನಲ್ಲಿ ಆಯಿಲಿಗೆ ಬೇರೆ ಲೆಕ್ಕ, ಬ್ರೇಕ್ ಆಯಿಲಿಗೆ ಬೇರೆ, ಮುಂದಿನ ಪ್ಯಾಡು ಹಿಂದಿನ ಪ್ಯಾಡು ಬೇರೆಬೇರೆ, ಯಾವ್ದು ಯಾವಾಗ ಅಂತ ಗಾಡೀನೇ ಸ್ಕ್ರೀನಲ್ಲಿ ತೋರ್ಸುತ್ತೆ.

ಇಷ್ಟು ಕೆಲಸದಲ್ಲಿ ಎರಡೂ ಕಡೆ ನಂಗೆ ಫರಕ್ಕೇ ಕಾಣಲಿಲ್ಲ. ಆಯಿಲ್ ವಿಷಯದಲ್ಲಿ ಒಂದೇ ಹುಷಾರು: 5ಡಬ್ಲ್ಯು-30 ಅಂತ ಆಯಿಲ್ ಎಷ್ಟು ದಪ್ಪ ಅನ್ನೋ ಗ್ರೇಡ್ ಡಬ್ಬದ ಮೇಲಿದ್ರೆ ಸಾಲ್ದು, ಗಾಡಿ ಕಂಪನಿ ಅಪ್ರೂವಲ್ ನಂಬರ್ ಇರ್ಬೇಕು, ಮಾಡೆಲ್ ನೋಡ್ಕೊಂಡು ಬಿಎಂಡಬ್ಲ್ಯು ಎಲ್‌ಎಲ್-04, ಮರ್ಸಿಡಿಸ್ 229.52, ಫೋಕ್ಸ್‌ವ್ಯಾಗನ್-ಆಡಿ 507 00 ಈ ತರ. ಡಿಪಿಎಫ್ (ಹೊಗೆಯಲ್ಲಿರೋ ಮಸಿ ಹಿಡಿಯೋ ಫಿಲ್ಟರ್) ಇರೋ ಡೀಸೆಲ್ ಗಾಡಿಗೆ ಬೂದಿ ಕಮ್ಮಿ ಬಿಡೋ ಆಯಿಲ್ಲೇ ಬೇಕು, ಇಲ್ಲಾಂದ್ರೆ ಫಿಲ್ಟರ್ ಬೇಗ ಕಟ್ಕೊಳ್ಳುತ್ತೆ. ಗ್ಯಾರೇಜಲ್ಲಿ ಡಬ್ಬ ನನ್ನ ಕಣ್ಣೆದುರೇ ಒಡೆದ್ರು, ಸೆಂಟರಲ್ಲಿ ಗಾಜಿನ ಆಚೆ ಏನ್ ಸುರೀತಾರೋ ನಂಬ್ಕೊಂಡು ಸೋಫಾದಲ್ಲಿ ಕೂತಿರ್ಬೇಕು ಅಷ್ಟೇ.

ದೊಡ್ಡ ವ್ಯತ್ಯಾಸ ಬಂದಿದ್ದು ಗೇರ್‌ಬಾಕ್ಸ್ ಆಯಿಲಲ್ಲಿ. ಸೆಂಟರಲ್ಲಿ ಕೇಳಿದ್ರೆ ಅಡ್ವೈಸರ್ "ಸರ್ ಅದು ಲೈಫ್‌ಟೈಮ್, ಶೆಡ್ಯೂಲಲ್ಲೇ ಇಲ್ಲ" ಅಂದ್ಬಿಟ್ರು. ಯಾರ ಲೈಫ್‌ಟೈಮ್ ಅಂತ ಕೇಳ್ಬೇಕು ಅನ್ನಿಸ್ತು, ಬಿಟ್ಟೆ. ನನ್ನ ಗಾಡೀಲಿರೋದು ಝಡ್‌ಎಫ್‌ನ 8 ಗೇರ್ ಬಾಕ್ಸು, ಮಾಡಿದ ಝಡ್‌ಎಫ್ ಕಂಪನೀನೇ 80,000ದಿಂದ 1,20,000 ಕಿಮೀ ಒಳಗೆ ಆಯಿಲ್ ಬದಲಾಯಿಸಿ ಅನ್ನುತ್ತೆ. ಗ್ಯಾರೇಜಿನ ಮೆಕ್ಯಾನಿಕ್ ನಾನು ಕೇಳೋಕೆ ಮುಂಚೇನೇ ಈ ಮಾತು ತೆಗೆದ್ರು. ಗೇರ್‌ಬಾಕ್ಸ್ ಕೆಳಗೆ ಆಯಿಲ್ ನಿಲ್ಲೋ ಪ್ಲಾಸ್ಟಿಕ್ ಪ್ಯಾನ್ ಜೊತೇನೇ ಫಿಲ್ಟರ್ ಸೇರ್ಕೊಂಡಿರೋದ್ರಿಂದ ಪ್ಯಾನನ್ನೇ ಪೂರ್ತಿ ಬದಲಾಯಿಸ್ಬೇಕು, ಆಮೇಲೆ ಎಂಜಿನ್ ಓಡ್ತಿರುವಾಗ್ಲೇ ಸ್ಕ್ಯಾನರಲ್ಲಿ ಆಯಿಲ್ ಎಷ್ಟು ಬಿಸಿ ಇದೆ ನೋಡ್ಕೊಂಡು ಲೆವೆಲ್ ಮಾಡ್ಬೇಕು, ಇದನ್ನ ಅಂದಾಜಲ್ಲಿ ತುಂಬೋರ ಹತ್ರ ಮಾತ್ರ ಮಾಡ್ಸಲೇಬೇಡಿ. ತೆಗೆದ ಆಯಿಲ್ ಕಪ್ಪಗಿತ್ತು, ಮತ್ತೆ ಎರಡನೇ ಗೇರಿಗೆ ಇಳಿಯುವಾಗ ಬರ್ತಿದ್ದ ಜರ್ಕ್ ಹೋಯ್ತು.

ಇನ್ನೊಂದು ಕಡೆ ತಮಾಷೆ ನೋಡಿ, ಶೆಡ್ಯೂಲಲ್ಲಿ ಇಲ್ಲ ಅಂತ ಇದನ್ನ ಬಿಟ್ಟ ಅದೇ ಸೆಂಟರ್ನೋರು ಶೆಡ್ಯೂಲಲ್ಲೇ ಇಲ್ಲದ ಎಂಜಿನ್ ಫ್ಲಶ್ಶು, ಇಂಜೆಕ್ಟರ್ ಕ್ಲೀನರ್ರು, ಎಸಿ ಟ್ರೀಟ್‌ಮೆಂಟು ಎಲ್ಲ ಎಸ್ಟಿಮೇಟಲ್ಲಿ ಹಾಕಿದ್ರು. ಕಂಪನಿ ಲಿಸ್ಟಲ್ಲಿ ಇದೆಯಾ ತೋರ್ಸಿ ಅಂದೆ, ಮೂರೂ ಕಾಣೆ.

ಹಂಗಂತ ಗ್ಯಾರೇಜು ಎಲ್ಲದಕ್ಕೂ ಮೇಲು ಅಂತಲ್ಲ. ಪಾರ್ಟ್ ಬರ್ಲಿಲ್ಲ ಅಂತ ಗಾಡಿ ಅಲ್ಲೇ ನಿಂತಿರುತ್ತೆ, ನಾಳೆ ಅಂದ್ರೆ ನಾಳಿದ್ದು. ರೀಕಾಲು, ಅದರ ಸಾಫ್ಟ್‌ವೇರ್ ಕೆಲಸ ಅವ್ರ ಕೈಲಾಗಲ್ಲ, ಅದು ಛಾಸಿಸ್ ನಂಬರ್ ಮೇಲೆ ಕಂಪನೀಲೇ ಫ್ರೀಯಾಗಿ ಆಗ್ಬೇಕು. ಮಾನ್, ಮಾಹ್ಲೆ ತರದವ್ರ ಫಿಲ್ಟರ್ ಹಾಕಿದ್ರೆ ನಂಗೇನೂ ಬೇಜಾರಿಲ್ಲ, ಗಾಡಿ ಕಂಪನಿಗಳಿಗೂ ಅವ್ರೇ ಸಪ್ಲೈ ಮಾಡೋದು. ಆದ್ರೆ ಹೊಸ ಗ್ಯಾರೇಜಿಗೆ ಹೋಗೋ ಮುಂಚೆ ಒಂದು ಕೇಳಿ: ಬ್ಯಾಟರಿ ಬದಲಾಯಿಸಿದ್ಮೇಲೆ ಹೊಸದು ಹಾಕಿದೀವಿ ಅಂತ ಗಾಡಿಯ ಕಂಪ್ಯೂಟರಿಗೆ ತಿಳಿಸಿ ರಿಜಿಸ್ಟರ್ ಮಾಡ್ತೀರಾ, ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕನ್ನ ಸರ್ವಿಸ್ ಮೋಡಿಗೆ (ಪ್ಯಾಡ್ ತೆಗೆಯೋಕೆ ಹ್ಯಾಂಡ್‌ಬ್ರೇಕ್ ಸಡಿಲ ಮಾಡೋ ಸ್ಥಿತಿ) ಹಾಕಿ ಹಿಂದಿನ ಪ್ಯಾಡ್ ತೆಗೀತೀರಾ ಅಂತ. ತಡವರಿಸಿದ್ರೆ ಗಾಡಿ ಹಿಂದಕ್ಕೆ ತಿರುಗ್ಸಿ. ನಾನು ಹೋಗೋ ಗ್ಯಾರೇಜ್ನೋರು ಸನ್‌ರೂಫ್ ನೀರು ಹೋಗೋ ಪೈಪಲ್ಲಿ ಎಲೆ ಕಟ್ಕೊಂಡಿದ್ದನ್ನ ಕೇಳದೇನೇ ಕ್ಲೀನ್ ಮಾಡಿ ಕೊಟ್ರು, ಸೆಂಟರಲ್ಲಿ ಯಾವತ್ತೂ ಆಗಿಲ್ಲ.

ಈಗ ನಾನು ಮಾಡ್ತಿರೋದು ಹೀಗೆ, ಆಯಿಲು, ಬ್ರೇಕು, ಗೇರ್‌ಬಾಕ್ಸು ಎಲ್ಲ ಗ್ಯಾರೇಜಲ್ಲಿ, ರೀಕಾಲ್ ಬಂದ್ರೆ ಸೆಂಟರಿಗೆ. ವಾರಂಟಿ ಇರೋ ಗಾಡಿಯವ್ರು ಮೊದ್ಲು ಅದರ ಕಂಡೀಷನ್ ಓದ್ಕೊಳ್ಳಿ. ಸರ್ವಿಸ್ ಹಿಸ್ಟರಿ ಈಗ ಕಂಪನಿ ಕಂಪ್ಯೂಟರಲ್ಲೇ ಇರೋದ್ರಿಂದ ನಮ್ಮ ಗ್ಯಾರೇಜಿನ ಕೆಲಸ ಅಲ್ಲಿ ಏರಲ್ಲ, ಅದಕ್ಕೇ ಪ್ರತಿ ಬಿಲ್ಲಲ್ಲೂ ಕಿಲೋಮೀಟರು, ಆಯಿಲ್ ಅಪ್ರೂವಲ್ ನಂಬರು, ಪಾರ್ಟ್ ನಂಬರು ಬರೆಸ್ಕೊಂಡು ಫೈಲ್ ಮಾಡಿಟ್ಟಿದೀನಿ, ಮಾರೋವಾಗ ತಗೊಳ್ಳೋರು ಮೊದ್ಲು ಕೇಳೋದೇ ಅದನ್ನ.