ಮೂಗಿಗಿಂತ ಮೂಗುತಿ ಭಾರ: ನಾಲ್ಕು ವರ್ಷ ಹೊತ್ತು ತಿರುಗಿದ ಕ್ಯಾಮೆರಾ ಸಾಮಾನು

ಟ್ರೈಪಾಡ್ ಕಾಲಿನ ಲಾಕ್ ತಿರುಗಿಸಿದೆ, ಕರಕರ ಅಂತ ಸದ್ದು ಬಂತು. ಸಮುದ್ರತೀರದಿಂದ ವಾಪಸ್ ಬಂದು ಎರಡು ದಿನವಾಗಿತ್ತು, ಸುಸ್ತಾಗಿ ಬ್ಯಾಗು ಬಿಚ್ಚಿರಲಿಲ್ಲ. ಅಲೆಯಲ್ಲಿ ನಿಲ್ಲಿಸಿ ತೆಗೆದ ಫೋಟೋಗಳೇನೋ ಚೆನ್ನಾಗಿ ಬಂದಿದ್ದವು. ಆದರೆ ಕಾಲಿನೊಳಗೆ ಮರಳು ಸೇರಿ, ಉಪ್ಪು ಒಣಗಿ, ಮೂರರಲ್ಲಿ ಒಂದು ಲಾಕ್ ಅಲ್ಲಾಡಲೇ ಇಲ್ಲ. ನನ್ನ ಪ್ರವಾಸದ ಸಾಮಾನುಗಳಲ್ಲಿ ನಿಜಕ್ಕೂ ಯಾವುದು ಕೆಲಸಕ್ಕೆ ಬರುತ್ತಿದೆ, ಯಾವುದನ್ನು ಸುಮ್ನೆ ಹೊರುತ್ತಿದ್ದೇನೆ ಅಂತ ಯೋಚಿಸಿದ್ದು ಆವತ್ತೇ.

ಇದು ಕ್ಯಾಮೆರಾದ ವಿಮರ್ಶೆ ಅಲ್ಲ. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಅದರ ಜೊತೆ ಹೊತ್ತು ತಿರುಗುವ ಸಾಮಾನಿನ ವಿಮರ್ಶೆ ಇದು. ನಾನು ಎಲ್ಲದಕ್ಕೂ ಹಾಕುವ ಪ್ರಶ್ನೆ ಒಂದೇ: ಮೂರನೇ ದಿನ, ಕಾಲು ನೋಯುತ್ತಿರುವಾಗಲೂ ಇದನ್ನು ಬ್ಯಾಗಿನಿಂದ ಹೊರಗೆ ತೆಗೆಯುತ್ತೇನಾ?

ಈ ಪ್ರಶ್ನೆಯಲ್ಲಿ ನನ್ನ ಮೊದಲ ಟ್ರೈಪಾಡ್ ಫೇಲಾಯಿತು. ಅಲ್ಯೂಮಿನಿಯಂದು, ತಲೆ (ಕ್ಯಾಮೆರಾ ಕೂರುವ ಮೇಲಿನ ಭಾಗ) ಸೇರಿ ಎರಡು ಕೆಜಿಗಿಂತ ಜಾಸ್ತಿ. ಕ್ಯಾಮೆರಾ, ಲೆನ್ಸ್ ಎರಡನ್ನೂ ಕೂಡಿದರೂ ಅಷ್ಟು ತೂಕ ಇರಲಿಲ್ಲ. ಮೊದಲ ದಿನ ಹುರುಪಿನಿಂದ ಹೊತ್ತೆ, ಎರಡನೇ ದಿನ ಬೈದುಕೊಂಡು ಹೊತ್ತೆ, ಮೂರನೇ ದಿನ ರೂಮಿನಲ್ಲೇ ಬಿಟ್ಟೆ. ಆ ಸಂಜೆಯೇ ಆಕಾಶ ಬೆಂಕಿ ಹಚ್ಚಿದ ಹಾಗೆ ಕೆಂಪಾಯಿತು ಅನ್ನೋದು ಬೇರೆ ವಿಷಯ.

ಈಗ ಇರೋದು ಕಾರ್ಬನ್ ಫೈಬರಿನದು, ಸುಮಾರು 1.3 ಕೆಜಿ. ಮಡಿಸಿದರೆ ಬ್ಯಾಗಿನ ಪಕ್ಕದ ಜೇಬಿನಲ್ಲಿ ಕೂರುತ್ತದೆ. ಡಬ್ಬದ ಮೇಲೆ ಬರೆದ 'ಇಷ್ಟು ಕೆಜಿ ತಡೆಯುತ್ತದೆ' ಅನ್ನೋ ಲೆಕ್ಕವನ್ನು ನಾನು ನಂಬುವುದಿಲ್ಲ. ಅಷ್ಟು ಭಾರಕ್ಕೆ ಮುರಿಯದೆ ಇರುವುದು ಬೇರೆ, ಗಾಳಿಗೆ ಅಲ್ಲಾಡದೆ ಇರುವುದು ಬೇರೆ. ಕೊಳ್ಳುವಾಗ ಕಾಲುಗಳನ್ನು ಪೂರ್ತಿ ಎಳೆದು, ಮೇಲೆ ಕೈಯಿಟ್ಟು ಸ್ವಲ್ಪ ತಿರುಚಿ ನೋಡಿ. ನಡುಗಿದರೆ ಅಲ್ಲೇ ಗೊತ್ತಾಗುತ್ತದೆ. ಐದು ತುಂಡಿನ ಕಾಲು ಮಡಿಸಿದಾಗ ಗಿಡ್ಡ, ಆದರೆ ಕೊನೆಯ ತುಂಡು ಪೆನ್ಸಿಲ್‌ನಷ್ಟೇ ದಪ್ಪ. ನಾನು ನಾಲ್ಕು ತುಂಡಿನದನ್ನೇ ಆರಿಸಿಕೊಂಡೆ. ನಡುವಿನ ಕಂಬ ಎತ್ತುವುದು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ, ಅದನ್ನು ಎತ್ತಿದರೆ ಮೂರು ಕಾಲಿನ ಮೇಲೆ ಒಂಟಿ ಕೋಲು ನಿಲ್ಲಿಸಿದ ಹಾಗೆ. ಕಂಬದ ಕೆಳಗಿನ ಕೊಕ್ಕೆಗೆ ಬ್ಯಾಗ್ ನೇತುಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಸರಿ, ಆದರೆ ಅದು ಗಾಳಿಗೆ ತೂಗಾಡಿದರೆ ಟ್ರೈಪಾಡನ್ನೂ ತೂಗಾಡಿಸುತ್ತದೆ. ಬ್ಯಾಗಿನ ತಳ ನೆಲಕ್ಕೆ ತಾಗುವ ಹಾಗೆ ಕಟ್ಟಿ.

ತಿರುಗಿಸುವ ಲಾಕ್ ಒಳ್ಳೆಯದೋ, ಕ್ಲಿಪ್ ಲಾಕೋ? ತಿರುಗಿಸುವುದು ನೋಡಲು ನೀಟು, ಮಡಿಸಿದ ಕಾಲಿನ ಎಲ್ಲ ಲಾಕ್‌ಗಳನ್ನೂ ಒಂದೇ ಹಿಡಿತದಲ್ಲಿ ಬಿಚ್ಚಬಹುದು. ಕ್ಲಿಪ್ ಆದರೆ ಹಾಕಿದೆಯೋ ಬಿಚ್ಚಿದೆಯೋ ಅಂತ ಕಣ್ಣಲ್ಲೇ ಗೊತ್ತಾಗುತ್ತದೆ. ತಿರುಗಿಸುವ ಲಾಕ್ ಬಿಗಿ ಮಾಡುವುದನ್ನು ಒಂದು ಸಲ ಮರೆತಿದ್ದೆ, ಒಂದು ಕಾಲು ಮೆಲ್ಲಗೆ ಒಳಗೆ ಜಾರಿ ಕ್ಯಾಮೆರಾ ವಾಲತೊಡಗಿದಾಗ ಜೀವ ಬಾಯಿಗೆ ಬಂತು. ಆದರೂ ನನ್ನದು ತಿರುಗಿಸುವುದೇ, ಯಾಕಂದರೆ ಅದನ್ನು ಯಾವ ಉಪಕರಣವೂ ಇಲ್ಲದೆ ಕೈಯಲ್ಲೇ ಪೂರ್ತಿ ಬಿಚ್ಚಬಹುದು.

ಬಿಚ್ಚುವುದು ಹೇಗೆ ಅಂದರೆ, ನೆಲದ ಮೇಲೆ ಹಳೇ ಟವೆಲ್ ಹಾಸಿ. ಒಂದು ಸಲಕ್ಕೆ ಒಂದೇ ಕಾಲು. ಮೂರನ್ನೂ ಒಟ್ಟಿಗೆ ಬಿಚ್ಚಿದರೆ ಯಾವ ತುಂಡು ಯಾವುದರದು ಅಂತ ರಾತ್ರಿಯಿಡೀ ಕೂರಬೇಕಾಗುತ್ತದೆ. ಲಾಕಿನ ಉಂಗುರ ಪೂರ್ತಿ ತಿರುಗಿಸಿ ತುಂಡನ್ನು ಎಳೆದಾಗ ಅದರ ತುದಿಯಲ್ಲಿ ಪ್ಲಾಸ್ಟಿಕ್ಕಿನ ತೆಳು ಹೋಳುಗಳು ಸಿಗುತ್ತವೆ. ಅವು ಪಟಕ್ಕನೆ ಉದುರುತ್ತವೆ, ಹುಷಾರು. ಯಾವುದು ಎಲ್ಲಿತ್ತು ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು, ಹಲ್ಲುಜ್ಜುವ ಹಳೇ ಬ್ರಷ್‌ನಿಂದ ಮರೆಯ (ಲಾಕ್ ತಿರುಗುವ ಸ್ಕ್ರೂ ಸುತ್ತುಗಳ) ಸಂದಿಯ ಮರಳು ತೆಗೆದು, ಪೂರ್ತಿ ಒಣಗಿಸಿ. ಮರೆಗೆ ಒಂಚೂರು ಗ್ರೀಸ್ ಸಾಕು. ಎಣ್ಣೆ ಬೇಡ, ಅದು ಹರಿದು ಕಾಲಿಗೆಲ್ಲ ಅಂಟಿ ಮುಂದಿನ ಸಲ ಇನ್ನಷ್ಟು ಧೂಳು ಹಿಡಿಯುತ್ತದೆ. ನನ್ನ ಅಂಟಿಕೊಂಡ ಲಾಕ್ ಬಿಸಿನೀರಿನಲ್ಲಿ ಅರ್ಧ ಗಂಟೆ ಮುಳುಗಿದ ಮೇಲೆ ಬಿಟ್ಟಿತು. ಕಾರ್ಬನ್ ತುಕ್ಕು ಹಿಡಿಯುವುದಿಲ್ಲ ಅಂತ ನಾನು ಆರಾಮಾಗಿದ್ದೆ. ಆದರೆ ಲಾಕಿನ ಒಳಗಿನ ಮರೆ ಅಲ್ಯೂಮಿನಿಯಂದು, ಅದನ್ನು ಉಪ್ಪು ತಿನ್ನುತ್ತದೆ.

ಅಂದಹಾಗೆ, ಮಾಮೂಲಿ ಜಾಗದಲ್ಲಿ ದಪ್ಪ ತುಂಡನ್ನು ಮೊದಲು ಎಳೆಯಬೇಕು, ಸಣ್ಣದು ಕೊನೆಗೆ. ನೀರು, ಮರಳಿನಲ್ಲಿ ಮಾತ್ರ ಉಲ್ಟಾ. ಸಣ್ಣದನ್ನೇ ಮೊದಲು ಪೂರ್ತಿ ಎಳೆದರೆ ಲಾಕ್‌ಗಳೆಲ್ಲ ನೀರಿನಿಂದ ಮೇಲೆ ಉಳಿಯುತ್ತವೆ. ಇದು ಮೊದಲೇ ಗೊತ್ತಿದ್ದರೆ ನನ್ನ ಒಂದು ಭಾನುವಾರ ಉಳಿಯುತ್ತಿತ್ತು.

ಟ್ರೈಪಾಡಿನ ತಲೆ ಯಾವುದಾದರೂ ಇರಲಿ, ಕ್ಯಾಮೆರಾದ ತಳಕ್ಕೆ ಹಾಕಿ ತಲೆಗೆ ಕೂರಿಸುವ ಪ್ಲೇಟ್ ಆರ್ಕಾ-ಸ್ವಿಸ್ ಮಾದರಿಯದೇ ಇರಲಿ. ಬೇರೆ ಬೇರೆ ಕಂಪನಿಗಳ ಪ್ಲೇಟು, ತಲೆಗಳು ಬಹುತೇಕ ಒಂದಕ್ಕೊಂದು ಹೊಂದುತ್ತವೆ. ಪ್ಲೇಟಿನ ಸ್ಕ್ರೂ ಬಿಗಿ ಮಾಡುವ ಹೆಕ್ಸ್ ಕೀ ಯಾವಾಗಲೂ ಜೊತೆಗಿರಬೇಕು, ನಾನು ಅದನ್ನು ಟ್ರೈಪಾಡ್ ಕಾಲಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದೇನೆ.

ಆ ರಬ್ಬರ್ ಬ್ಯಾಂಡಿಗೆ ಇನ್ನೊಂದು ಕೆಲಸವೂ ಇದೆ. ಲೆನ್ಸಿಗೆ ಅಂಟಿಕೊಂಡ ಫಿಲ್ಟರ್ ಬಿಚ್ಚಲು ಅದನ್ನು ಅಂಚಿಗೆ ಸುತ್ತಿ, ಹಗುರಾಗಿ ಹಿಡಿದು ತಿರುಗಿಸಿ. ಎಲ್ಲರೂ ಮಾಡುವ ತಪ್ಪು ಅಂದರೆ ಎರಡು ಬೆರಳಲ್ಲಿ ಗಟ್ಟಿಯಾಗಿ ಅದುಮುವುದು. ಅದುಮಿದರೆ ಉಂಗುರ ಮೊಟ್ಟೆಯಾಕಾರಕ್ಕೆ ಬಾಗಿ ಇನ್ನೂ ಬಿಗಿಯಾಗುತ್ತದೆ. ಹಿತ್ತಾಳೆ ಉಂಗುರದ ಫಿಲ್ಟರ್ ಇಷ್ಟು ಹಠ ಮಾಡುವುದಿಲ್ಲ.

ಫಿಲ್ಟರ್‌ಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಅಂದರೆ ನಾನು ಸಿಪಿಎಲ್ (ಹೊಳಪು ಕಳೆಯುವ ಪೋಲರೈಸರ್) ಉಳಿಸಿಕೊಳ್ಳುತ್ತೇನೆ. ಮಳೆ ಬಿದ್ದ ಎಲೆಯ ಮೇಲಿನ ಬಿಳಿ ಹೊಳಪು, ನೀರಿನ ಮೇಲಿನ ಪ್ರತಿಬಿಂಬ, ಇವನ್ನು ಅದು ತೆಗೆಯುವ ರೀತಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ತರುವುದು ಕಷ್ಟ. ಹೊಳಪಿನ ಕೆಳಗೆ ಏನಿತ್ತು ಅನ್ನೋದೇ ಫೈಲಿನಲ್ಲಿ ಇರುವುದಿಲ್ಲ, ಅಲ್ವಾ? ಬೆಳಕಂತೂ ಕಡಿಮೆಯಾಗುತ್ತದೆ, ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ). ಆಕಾಶ ಗಾಢವಾಗುವುದು ಸೂರ್ಯನಿಗೆ 90 ಡಿಗ್ರಿ ಪಕ್ಕಕ್ಕೆ ತಿರುಗಿದಾಗ. ತುಂಬಾ ಅಗಲದ ಲೆನ್ಸಿಗೆ ಹಾಕಿದರೆ ಆಕಾಶದ ಒಂದು ಕಡೆ ಮಾತ್ರ ಕಡುನೀಲಿಯಾಗಿ, ಮಸಿ ಚೆಲ್ಲಿದ ಹಾಗೆ ಕಾಣುತ್ತದೆ.

ಎನ್‌ಡಿ ಅಂದರೆ ಬೆಳಕು ತಗ್ಗಿಸುವ ಕಪ್ಪು ಫಿಲ್ಟರ್, ಅದು ಜಲಪಾತ, ಅಲೆಗಳಿಗೆ. ನನಗೆ 6 ಸ್ಟಾಪಿನದು ಸಾಕಾಗಿದೆ. ಬೆಳಕು ಒಳಬಿಡುವ ಸಮಯ 1/60 ಸೆಕೆಂಡ್ ಇದ್ದದ್ದು ಸುಮಾರು ಒಂದು ಸೆಕೆಂಡ್ ಆಗುತ್ತದೆ, ನೀರು ರೇಷ್ಮೆಯ ಹಾಗೆ ಬರಲು ಅಷ್ಟು ಸಾಕು. 10 ಸ್ಟಾಪಿನದು ಕೂಡ ಇದೆ, ಅದರಲ್ಲಿ ಅದೇ ಫೋಟೋಗೆ 17 ಸೆಕೆಂಡ್. ಎರಡು ವರ್ಷದಲ್ಲಿ ನಾಲ್ಕು ಸಲ ತೆಗೆದಿರಬಹುದು. ತಿರುಗಿಸಿ ಹೆಚ್ಚುಕಡಿಮೆ ಮಾಡುವ ವೇರಿಯಬಲ್ ಎನ್‌ಡಿ ವಿಡಿಯೋದವರಿಗೆ ಒಳ್ಳೆಯದು. ನಾನು ಕೊಂಡ ಅಗ್ಗದ್ದರಲ್ಲಿ ಪೂರ್ತಿ ತಿರುಗಿಸುವ ಮೊದಲೇ ಫೋಟೋ ಮೇಲೆ ಕತ್ತರಿ ಆಕಾರದ ಕಪ್ಪು ನೆರಳು ಬರುತ್ತಿತ್ತು. ಕೊಟ್ಟುಬಿಟ್ಟೆ. ಪ್ರತಿ ಲೆನ್ಸಿಗೂ ಬೇರೆ ಫಿಲ್ಟರ್ ಕೊಳ್ಳಬೇಡಿ, ದೊಡ್ಡ ಲೆನ್ಸಿನ ಅಳತೆಗೆ ಕೊಂಡು ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್ (ಸಣ್ಣ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸುವ ಉಂಗುರ) ಹಾಕಿ. ಆಗ ಅಡ್ಡ ಬೆಳಕು ತಡೆಯುವ ಲೆನ್ಸ್ ಹುಡ್ ಕೂರುವುದಿಲ್ಲ, ಅದೊಂದು ಕಿರಿಕಿರಿ. ಲೆನ್ಸ್ ಕಾಯಲು ಯುವಿ ಫಿಲ್ಟರ್ ಬೇಕೋ ಬೇಡವೋ ಅನ್ನೋ ಜಗಳಕ್ಕೆ ನಾನು ಹೋಗುವುದಿಲ್ಲ. ಉಪ್ಪುನೀರು ಸಿಡಿಯುವಲ್ಲಿ, ಧೂಳು ಹಾರುವಲ್ಲಿ ಹಾಕುತ್ತೇನೆ. ರಾತ್ರಿ ದೀಪಗಳ ಫೋಟೋಗೆ ತೆಗೆಯುತ್ತೇನೆ, ಇಲ್ಲದಿದ್ದರೆ ಒಂದು ದೀಪಕ್ಕೆ ಎರಡು ದೀಪ ಕಾಣುತ್ತವೆ.

ಬ್ಯಾಟರಿಯಲ್ಲಿ ಮಾತ್ರ ಜಿಪುಣತನ ಬೇಡ. ಅಗ್ಗಕ್ಕೆ ಸಿಕ್ಕಿತು ಅಂತ ಹೆಸರು ಕೇಳಿರದ ಕಂಪನಿಯ ಬ್ಯಾಟರಿ ಎರಡು ಕೊಂಡಿದ್ದೆ. ಒಂದೂವರೆ ವರ್ಷಕ್ಕೆ ಒಂದು ಉಬ್ಬಿ ಕ್ಯಾಮೆರಾದ ಒಳಗೇ ಸಿಕ್ಕಿಹಾಕಿಕೊಂಡಿತು. ಬಾಗಿಲು ತೆಗೆದರೂ ಬರಲಿಲ್ಲ. ಚುಚ್ಚಿ ಎಳೆಯುವ ಯೋಚನೆ ಬಂದಿತ್ತು, ಪುಣ್ಯಕ್ಕೆ ಮಾಡಲಿಲ್ಲ, ಲಿಥಿಯಂ ಬ್ಯಾಟರಿಗೆ ತೂತಾದರೆ ಹೊತ್ತಿಕೊಳ್ಳಬಹುದು. ಸರ್ವಿಸ್‌ನವರು ತೆಗೆದುಕೊಟ್ಟರು. ಈಗ ಮೂರು ಒರಿಜಿನಲ್ ಇವೆ, ಮೇಲೆ 1, 2, 3 ಅಂತ ಬರೆದ ಚೀಟಿ. ಖಾಲಿಯಾದದ್ದನ್ನು ಡಬ್ಬಿಯಲ್ಲಿ ತಲೆಕೆಳಗಾಗಿ ಇಡುತ್ತೇನೆ, ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ. ಚಳಿಯಲ್ಲಿ ಬೇಗ ಕೈಕೊಡುತ್ತವೆ, ಒಳಜೇಬಿನಲ್ಲಿ ಇಟ್ಟು ಬೆಚ್ಚಗಾದ ಮೇಲೆ ಮತ್ತೆ ಸ್ವಲ್ಪ ಹೊತ್ತು ಓಡುತ್ತವೆ. ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಅಂದರೆ ಅರ್ಧ ಚಾರ್ಜಿನಲ್ಲಿ ಇಡಿ.

ವಿಮಾನದಲ್ಲಿ ಹೋಗುವಾಗ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಎರಡೂ ಕೈಬ್ಯಾಗಿನಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವ ಹಾಗಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 3.7 ವೋಲ್ಟ್ ಲೆಕ್ಕದಲ್ಲಿ 74, ಚಿಂತೆಯಿಲ್ಲ. ಕ್ಯಾಮೆರಾ ಬ್ಯಾಟರಿಗಳಂತೂ ಅದಕ್ಕಿಂತ ಎಷ್ಟೋ ಚಿಕ್ಕವು, ಸೋನಿಯ ಎನ್‌ಪಿ-ಎಫ್‌ಝಡ್100 ಬರೀ 16.4. ಆದರೆ ಲೋಹದ ಮುಖಗಳು ಕೀಲಿಗೊಂಚಲಿಗೋ ನಾಣ್ಯಕ್ಕೋ ತಾಗದಂತೆ ಮುಚ್ಚಳ ಹಾಕಿಡಿ.

ಮೆಮೊರಿ ಕಾರ್ಡಿನ ಮೇಲೆ ದೊಡ್ಡದಾಗಿ ಬರೆದಿರುವುದು ಓದುವ ವೇಗ. ನಮಗೆ ಬೇಕಾದ್ದು ಬರೆಯುವ ವೇಗ, ಅದು ವಿ30, ವಿ60 ಅನ್ನೋ ಸಣ್ಣ ಗುರುತಿನಲ್ಲಿ ಇರುತ್ತದೆ. ವಿ30 ಅಂದರೆ ಸೆಕೆಂಡಿಗೆ ಕಡಿಮೆ ಅಂದರೂ 30 ಎಂಬಿ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್, ಎಂಟು ಬಿಟ್ ಸೇರಿ ಒಂದು ಬೈಟ್) ವಿಡಿಯೋಗೆ ಬೇಕಾಗುವುದು ಸೆಕೆಂಡಿಗೆ 12.5 ಎಂಬಿ ಮಾತ್ರ, ಅಂದರೆ ಪ್ರವಾಸದ ವಿಡಿಯೋಗೆ ವಿ30 ಧಾರಾಳ. ಹಾರುವ ಹಕ್ಕಿಗೆ ದಡದಡ ಅಂತ ರಾ (ಸಂಸ್ಕರಿಸದ, ದೊಡ್ಡ ಫೈಲಿನ) ಫೋಟೋ ಹೊಡೆಯುವವರು ಮಾತ್ರ ಮೇಲಿನದಕ್ಕೆ ಹೋಗಲಿ. ಹೊಸ ಕಾರ್ಡ್ ಬಂದ ಕೂಡಲೇ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಅನ್ನೋ ಪರೀಕ್ಷೆಯ ತಂತ್ರಾಂಶ ಹಾಕಿ ಪೂರ್ತಿ ತುಂಬಿಸಿ ನೋಡಿ. ನಕಲಿ ಕಾರ್ಡ್ ತನ್ನನ್ನು 128 ಜಿಬಿ ಅಂತ ಹೇಳಿಕೊಂಡು 16ಕ್ಕೇ ಕೈಯೆತ್ತುತ್ತದೆ, ಅದೂ ಪ್ರವಾಸದ ಮೂರನೇ ದಿನ.

ಬ್ಯಾಗು, ಕ್ಯಾಮೆರಾ ನೇತುಹಾಕುವ ಪಟ್ಟಿ ಬಗ್ಗೆ ಹೆಚ್ಚು ಹೇಳುವುದಿಲ್ಲ. 'ಕ್ಯಾಮೆರಾ ಬ್ಯಾಗ್' ಅಂತ ದೂರದಿಂದಲೇ ಕೂಗಿ ಹೇಳುವ ಬ್ಯಾಗಿಗಿಂತ ಮಾಮೂಲಿ ಬೆನ್ನುಚೀಲದೊಳಗೆ ಮೆತ್ತೆಯ ಇನ್ಸರ್ಟ್ ಇಡುವುದು ನನಗೆ ಇಷ್ಟ. ಪಟ್ಟಿಗೆ ಪೀಕ್ ಡಿಸೈನ್ ಕಂಪನಿಯ, ದಾರದ ಕೊಂಡಿಯ ಆ್ಯಂಕರ್ ಹಾಕಿದ್ದೇನೆ, 90 ಕೆಜಿ ತಡೆಯುತ್ತದೆ ಅಂತ ಕಂಪನಿ ಹೇಳುತ್ತದೆ. ದಾರ ಸವೆದಿದೆಯಾ ಅಂತ ಪ್ರತಿ ಪ್ರವಾಸಕ್ಕೆ ಮೊದಲು ಬೆರಳಾಡಿಸಿ ನೋಡುತ್ತೇನೆ.

ನನ್ನ ಬ್ಯಾಗಿನಲ್ಲಿ ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಜಾಸ್ತಿ ಬಳಸುವುದು ರಬ್ಬರಿನ ಬ್ಲೋಯರ್. ಬಟ್ಟೆ ತಾಗಿಸುವ ಮೊದಲು ಗಾಳಿ, ಇದು ತಪ್ಪಬಾರದು. ಮರಳಿನ ಕಣ ಇರುವಾಗ ಒರೆಸಿದರೆ ಗಾಜನ್ನು ಉಪ್ಪುಕಾಗದದಲ್ಲಿ ತಿಕ್ಕಿದ ಹಾಗೆ. ಬಾಯಲ್ಲಿ ಊದಬೇಡಿ, ಎಂಜಲು ಸಿಡಿಯುತ್ತದೆ. ಒತ್ತಿದರೆ ಬರುವ ಡಬ್ಬಿಗಾಳಿಯೂ ಬೇಡ, ಅದರ ಒಳಗಿನ ದ್ರವ ಸೆನ್ಸರಿಗೆ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕಕ್ಕೆ) ಬಿದ್ದರೆ ಕಥೆ ಮುಗಿಯಿತು. ಬ್ಲೋಯರನ್ನೂ ಮೊದಲು ಅಂಗೈಗೆ ಎರಡು ಸಲ ಊದಿ, ಅದರೊಳಗಿನ ಧೂಳು ಹೋಗಲಿ. ಸೆನ್ಸರ್ ಮೇಲೆ ಕಲೆ ಇದೆಯಾ ನೋಡಲು ಎಫ್/16ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಕಿರಿದು ಮಾಡಿ, ಬರಿಯ ಆಕಾಶದ ಫೋಟೋ ತೆಗೆದು ದೊಡ್ಡದು ಮಾಡಿ. ಕಂಡರೆ ಗಾಳಿ ಊದಿ ಅಷ್ಟಕ್ಕೇ ಬಿಡಿ, ಪ್ರವಾಸದ ನಡುವೆ ಸ್ವಾಬ್ (ಸೆನ್ಸರ್ ಒರೆಸುವ ಕಡ್ಡಿ) ಹಿಡಿಯುವ ಸಾಹಸ ಬೇಡ.

ಫಂಗಸ್ ನನಗೆ ಒಂದು ಲೆನ್ಸ್ ನಷ್ಟ ಮಾಡಿದೆ. ಟಾರ್ಚ್ ಹಿಡಿದು ಹಿಂದಿನಿಂದ ನೋಡಿದಾಗ ಅಂಚಿನಲ್ಲಿ ಜೇಡರ ಬಲೆಯ ಎಳೆಗಳ ಹಾಗೆ ಕಾಣಿಸಿತು. ಮಳೆಯಲ್ಲಿ ನೆನೆದ ಬ್ಯಾಗಿನಲ್ಲೇ ಮೂರು ವಾರ ಬಿಟ್ಟಿದ್ದೆ, ತಪ್ಪು ಪೂರ್ತಿ ನನ್ನದೇ. ಅದು ಲೇಪನವನ್ನೇ ತಿಂದುಬಿಟ್ಟರೆ ಒರೆಸಿದರೂ ಗುರುತು ಹೋಗುವುದಿಲ್ಲ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ಪುಟ್ಟ ತೇವಾಂಶ ಮೀಟರ್. 40ರಿಂದ 50 ಶೇಕಡಾ ಇದ್ದರೆ ಸರಿ. ತೀರಾ ಒಣಗಿಸಿದರೂ ರಬ್ಬರಿಗೆ, ಒಳಗಿನ ಗ್ರೀಸಿಗೆ ಒಳ್ಳೆಯದಲ್ಲ.

ಎಸಿ ರೂಮಿನಿಂದ ಹೊರಗಿನ ಬಿಸಿಗೆ ಕ್ಯಾಮೆರಾ ತಂದರೆ ಲೆನ್ಸ್ ಮಂಜು ಹಿಡಿಯುವುದೂ ಇದೇ ತೇವದ ಆಟ. ರೂಮಿನಲ್ಲೇ ಜಿಪ್ ಚೀಲಕ್ಕೆ ಹಾಕಿ, ಹೊರಗೆ ತಂದು ಅರ್ಧ ಗಂಟೆ ಬಿಟ್ಟು ತೆರೆದರೆ ಹನಿಗಳೆಲ್ಲ ಚೀಲದ ಹೊರಗೇ ಕೂರುತ್ತವೆ. ಆ ಅರ್ಧ ಗಂಟೆಗೋಸ್ಕರ ಬೇಗ ಏಳಬೇಕು, ಅಷ್ಟೇ.

ಇದನ್ನು ಬರೆಯುತ್ತಾ ಡಬ್ಬಿಯ ಮೀಟರ್ ನೋಡಿದೆ, 57 ತೋರಿಸುತ್ತಿದೆ. ಸಿಲಿಕಾ ಜೆಲ್ಲಿನ ಕಿತ್ತಳೆ ಬಣ್ಣದ ಮಣಿಗಳು ತೇವ ಹೀರಿ ಹಸಿರಾಗಿವೆ. ಓವನ್ನಿಗೆ ಹಾಕಿ ಬರ್ತೀನಿ.