ಕೈಯಿಂದ ಕಟ್ಟಿದ ಸೈಕಲ್: ಆರು ವರ್ಷ, 24,000 ಕಿಲೋಮೀಟರ್ ಆದ ಮೇಲೆ ಅದರ ಅಂದ

ನನ್ನ ಸೈಕಲ್ಲನ್ನು ನೋಡಲು ಬಂದವರೆಲ್ಲ ಮೊದಲು ಬಲಗಡೆಗೆ ಹೋಗಿ ನಿಲ್ಲುತ್ತಾರೆ. ಚೈನು ಇರುವ ಮಗ್ಗುಲು ಅದು. ಫೋಟೊ ತೆಗೆಯುವುದೂ ಅಲ್ಲಿಂದಲೇ. ಟೈರಿನ ಮೇಲಿನ ಹೆಸರು ವಾಲ್ವಿನ ನೇರಕ್ಕೆ ಬರಬೇಕು, ಚೈನು ಮುಂದಿನ ದೊಡ್ಡ ಹಲ್ಲುಚಕ್ರದ ಮೇಲಿರಬೇಕು, ಸೀಟು ಮಟ್ಟವಾಗಿರಬೇಕು ಎಂದು ಈ ಹುಚ್ಚು ಹಿಡಿದವರ ಶಾಸ್ತ್ರ ಬಹಳ ಉದ್ದ. ನಾನೂ ಹೊಸದರಲ್ಲಿ ಇದನ್ನೆಲ್ಲ ಪಾಲಿಸಿದವನೇ. ಆದರೆ ಸವಾರನಿಗೆ ಆ ನೋಟ ಸಿಗುವುದೇ ಇಲ್ಲ. ಅವನಿಗೆ ಕಾಣುವುದು ಮೇಲಿನಿಂದ: ಹ್ಯಾಂಡಲ್, ಅಡ್ಡಕೊಳವೆಯ ಬೆನ್ನು, ಮುಂದಿನ ಮಡ್‌ಗಾರ್ಡಿನ ತುದಿ. ಈ ವಿಮರ್ಶೆಯನ್ನು ಆರು ವರ್ಷ ತಡಮಾಡಿ ಬರೆಯುತ್ತಿರುವುದಕ್ಕೆ ಅದೇ ಕಾರಣ. ಮೊದಲ ತಿಂಗಳಲ್ಲಿ ಬರೆದಿದ್ದರೆ ಬಲಮಗ್ಗುಲಿನ ವಿಮರ್ಶೆಯಷ್ಟೇ ಆಗುತ್ತಿತ್ತು.

ವಿವರ ಚುಟುಕಾಗಿ: ಉಕ್ಕಿನ ಚೌಕಟ್ಟು, ಲಗ್ ಹಾಕಿ ಬೆಸೆದದ್ದು, 650ಬಿ ಎಂಬ ಅಳತೆಯ ಚಕ್ರ, 38 ಮಿ.ಮೀ. ಟೈರು, ರಿಮ್ ಬ್ರೇಕು, ಕಡುಹಸಿರು ಬಣ್ಣ. ಕೊಳವೆಗಳ ಗೋಡೆ ತುದಿಗಳಲ್ಲಿ 0.8 ಮಿ.ಮೀ., ನಡುವೆ 0.5 ಮಿ.ಮೀ. ಅಡ್ಡಕೊಳವೆಯನ್ನು ಉಗುರಿನಿಂದ ತಟ್ಟುತ್ತ ಹೋದರೆ ತುದಿಯಲ್ಲಿ ಮಂದವಾಗಿದ್ದ ಸದ್ದು ನಡುವೆ ಬಂದಾಗ ಗಂಟೆಯಂತೆ ತೆರೆದುಕೊಳ್ಳುತ್ತದೆ. ಬಂದವರಿಗೆ ನಾನು ತೋರಿಸುವ ಒಂದೇ ಒಂದು ಜಾದೂ ಇದು. ತುದಿ ದಪ್ಪ, ನಡು ತೆಳು ಎಂಬ ಈ ಉಪಾಯಕ್ಕೆ ಇಂಗ್ಲೆಂಡಿನ ಕೊಳವೆ ಕಂಪನಿಯಾದ ರೆನಾಲ್ಡ್ಸ್‌ನವರು ಪೇಟೆಂಟ್ ಪಡೆದದ್ದು 1897ರಲ್ಲಿ. ಹೆಸರುವಾಸಿಯಾದ ಅವರ 531 ಕೊಳವೆ ಬಂದದ್ದು 1935ರಲ್ಲಿ. ಇವತ್ತಿಗೂ ಕೆಲವರು ಸೈಕಲ್‌ಗಿಂತ ಮೊದಲು ಕೊಳವೆಯ ಮೇಲಿನ ಸ್ಟಿಕ್ಕರ್ ನೋಡುತ್ತಾರೆ.

ಇನ್ನು ಲಗ್. ಕೊಳವೆಗಳು ಕೂಡುವ ಸಂದಿಗೆ ತೊಡಿಸುವ ಉಕ್ಕಿನ ಬಳೆ ಅದು. ಕಾಯಿಸಿ ಒಂದು ಅಂಚಿನಲ್ಲಿ ಬೆಳ್ಳಿಯ ಮಿಶ್ರಲೋಹವನ್ನೋ ಹಿತ್ತಾಳೆಯನ್ನೋ ತಾಗಿಸಿದರೆ, ಕರಗಿದ ಲೋಹ ಕೂದಲೆಳೆಯಷ್ಟು ಸಂದಿಯೊಳಗೆ ತಾನಾಗಿ ಹೀರಿಕೊಂಡು ಹೋಗಿ ಇನ್ನೊಂದು ಅಂಚಿನಲ್ಲಿ ತಲೆ ಎತ್ತುತ್ತದೆ. ಹಿತ್ತಾಳೆ ಹರಿಯಲು ಸುಮಾರು 900 ಡಿಗ್ರಿ ಬೇಕು; ಬೆಳ್ಳಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಕಟ್ಟುವವರ ಕೈ ಗೊತ್ತಾಗುವುದು ಇದರ ನಂತರದ ಅರದ ಕೆಲಸದಲ್ಲಿ. ಎರಕದಿಂದ ಬಂದ ಲಗ್ಗಿನ ಅಂಚು ದಪ್ಪ, ಮೊಂಡು. ಅದನ್ನು ಅರದಿಂದ ಉಜ್ಜಿ ಉಜ್ಜಿ ತೆಳುವಾಗಿಸಿದರೆ ಲಗ್ ಕೊಳವೆಯ ಮೇಲೆ ಕುಳಿತಂತೆ ಕಾಣದೆ ಅದರಿಂದಲೇ ಚಿಗುರಿದಂತೆ ಕಾಣುತ್ತದೆ. ನನ್ನದರಲ್ಲಿ ಹ್ಯಾಂಡಲ್ ಕೊಳವೆಯ ಎರಡು ಲಗ್ಗುಗಳು ಹಾಗಿವೆ. ಸೀಟಿನ ಲಗ್ಗು ಹಾಗಿಲ್ಲ. ಅದರ ಕಥೆ ಆಮೇಲೆ.

ಲಗ್ ಎಂದರೆ ಮೂಗು ಮುರಿಯುವವರೂ ಇದ್ದಾರೆ. ನನ್ನ ಗೆಳೆಯನದು ಲಗ್ ಇಲ್ಲದ ಸೈಕಲ್. ಸಂದಿಗೆ ಹಿತ್ತಾಳೆಯನ್ನು ತುಂಬಿ, ಒಂದು ಕೊಳವೆ ಇನ್ನೊಂದರೊಳಕ್ಕೆ ಹರಿದು ಹೋದಂತೆ ನುಣುಪಾಗಿಸಿದ್ದಾರೆ. ‘ನಿನ್ನದು ಅಜ್ಜಿಯ ಕಾಲದ ಕಪಾಟು’ ಎನ್ನುತ್ತಾನೆ. ಕೊಳವೆಗಳನ್ನೇ ವಿದ್ಯುತ್ ಕಿಡಿಯಿಂದ ಕರಗಿಸಿ ಕೂಡಿಸುವ ಟಿಗ್ ವೆಲ್ಡಿಂಗ್ ಪಂಥದವರಂತೂ ಬೆಸುಗೆಯನ್ನು ಮುಚ್ಚುವುದೇ ತಪ್ಪು, ಮಲಗಿಸಿದ ನಾಣ್ಯಗಳ ಸಾಲಿನಂಥ ಆ ಗೆರೆಯೇ ಅಲಂಕಾರ ಎಂದು ವಾದಿಸುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ಲಗ್ ಬಿಟ್ಟುಕೊಡುವವನಲ್ಲ. ಹಾಗೆಂದು ಅತಿಯಾದ ಕೆತ್ತನೆ ನನಗೆ ಸೇರದು. ಲಂಡನ್ನಿನ ಹೆಚಿನ್ಸ್ ಸೈಕಲ್‌ಗಳ ಬಳ್ಳಿಯಂಥ ಲಗ್, ಅಲೆಯಂತೆ ಬಾಗಿದ ಹಿಂಬದಿಯ ಕೊಳವೆಗಳನ್ನು ಪ್ರಾಣಕ್ಕಿಂತ ಹೆಚ್ಚಾಗಿ ಕಾಣುವ ಸಂಗ್ರಾಹಕರಿದ್ದಾರೆ. ನೂರು ಸೈಕಲ್‌ಗಳ ನಡುವೆ ನಿಲ್ಲಿಸಿದರೂ ಅದರ ಗುರುತು ಸಿಗುತ್ತದೆ ಎಂಬುದು ನಿಜ. ದಿನಾ ಒರೆಸಬೇಕಾದವನ ಕಷ್ಟ ಬೇರೆ.

ಅಡ್ಡಕೊಳವೆಯ ವಿಚಾರಕ್ಕೆ ನನ್ನ ಮತ್ತು ಕಟ್ಟಿದವರ ನಡುವೆ ಸಣ್ಣ ಜಟಾಪಟಿಯೇ ನಡೆಯಿತು. ಅದು ನೆಲಕ್ಕೆ ಸಮಾನಾಂತರವಾಗಿಯೇ ಇರಬೇಕೆಂದು ನಾನು ಹಟ ಹಿಡಿದಿದ್ದೆ. ಹಳೆಯ ಉಕ್ಕಿನ ಸೈಕಲ್‌ಗಳ ರೂಪವನ್ನು ಮೆಚ್ಚುವವರಿಗೆ ಅದು ವೇದವಾಕ್ಯ. ಕಾರ್ಖಾನೆಯ ರೇಸ್ ಸೈಕಲ್‌ಗಳಲ್ಲಿ ಹಿಂದಕ್ಕೆ ಇಳಿಜಾರಾದ ಕೊಳವೆ ಬಳಕೆಗೆ ಬಂದದ್ದು 1990ರ ದಶಕದ ಕೊನೆಯಲ್ಲಿ, ಮೈಕ್ ಬರೋಸ್ ಅವರು ಜಯಂಟ್ ಕಂಪನಿಗೆ ರೂಪಿಸಿದ ಟಿಸಿಆರ್‌ನ ನಂತರ. ಕೆಲವೇ ಅಳತೆಗಳಲ್ಲಿ ಎಲ್ಲರನ್ನೂ ಕೂರಿಸುವ ಅನುಕೂಲ ಅದಕ್ಕಿತ್ತು. ನನ್ನ ಅಳತೆಗೇ ಕಟ್ಟಿಸುವಾಗ ನನಗೇಕೆ ಅದು ಎಂಬುದು ನನ್ನ ತರ್ಕ.

ಅವರು ನನ್ನ ಬೆನ್ನು, ತೋಳು, ಕಾಲುಗಳ ಅಳತೆ ತೆಗೆದು, ‘ಹ್ಯಾಂಡಲ್ ಸೀಟಿನ ಎತ್ತರಕ್ಕೇ ಬೇಕು ಎನ್ನುತ್ತೀರಿ. ಕೊಳವೆ ಮಟ್ಟವಾಗಿದ್ದರೆ ಹ್ಯಾಂಡಲ್ ಹಿಡಿಯುವ ಸ್ಟೆಮ್ ಕೊಕ್ಕರೆಯ ಕತ್ತಿನಂತೆ ಮೇಲೆದ್ದು ನಿಲ್ಲುತ್ತದೆ, ಪರವಾಗಿಲ್ಲವೇ?’ ಎಂದರು. ಕೊನೆಗೆ ಎರಡು ಡಿಗ್ರಿ ಏರಿಗೆ ಒಪ್ಪಂದವಾಯಿತು. ಅದಕ್ಕಿಂತ ಹೆಚ್ಚು ಕೊಡಲು ಅವರ ಬಳಿ ಇದ್ದ ಲಗ್ಗುಗಳೇ ಬಿಡುತ್ತಿರಲಿಲ್ಲ. ಎರಕ ಹೊಯ್ದಾಗಲೇ ಕೋನ ನಿಗದಿಯಾಗಿರುತ್ತದೆ. ಬಗ್ಗಿಸಲು ಸಿಗುವುದು ಒಂದೆರಡು ಡಿಗ್ರಿ ಮಾತ್ರ. ಈ ಏರನ್ನು ಆರು ವರ್ಷಗಳಲ್ಲಿ ಇಬ್ಬರು ಕಂಡುಹಿಡಿದಿದ್ದಾರೆ. ಇಬ್ಬರೂ ದೂರಿನ ದನಿಯಲ್ಲೇ ಹೇಳಿದರು. ನನ್ನ ಸೊಂಟ ಮಾತ್ರ ಇದುವರೆಗೆ ದೂರಿಲ್ಲ.

ಚಕ್ರದ ಅಳತೆಯಲ್ಲೂ ಅವರ ಮಾತೇ ಗೆದ್ದಿತು. ನಾನು ಕುಳ್ಳ. 700ಸಿ ಚಕ್ರದ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 622 ಮಿ.ಮೀ., 650ಬಿಯಲ್ಲಿ 584. ಚಿಕ್ಕ ಚೌಕಟ್ಟಿಗೆ ದೊಡ್ಡ ಚಕ್ರ ಹಾಕಿದರೆ ಹ್ಯಾಂಡಲ್ ಕೊಳವೆ ಕುಗ್ಗಿ ಎರಡು ಲಗ್ಗುಗಳು ಒಂದರ ಮೇಲೊಂದು ಕುಳಿತು, ಕತ್ತೇ ಇಲ್ಲದ ಆಳಿನಂತೆ ಕಾಣುತ್ತದೆ. ತಿರುವಿನಲ್ಲಿ ಕಾಲ್ಬೆರಳು ಮುಂಚಕ್ರಕ್ಕೆ ತಾಗುವ ಕಾಟ ಬೇರೆ. ನನ್ನ ಸೈಕಲ್ ನಿಂತಾಗ ಒಪ್ಪವಾಗಿ ಕಾಣುವುದಕ್ಕೆ ಬಣ್ಣವಾಗಲಿ ಲಗ್ಗಾಗಲಿ ಕಾರಣವಲ್ಲ; ಆ 38 ಮಿ.ಮೀ. ವ್ಯತ್ಯಾಸವೇ ಮುಖ್ಯ ಕಾರಣ ಎಂದು ಈಗ ಅನ್ನಿಸುತ್ತದೆ.

ನಾನು ಮನಸೋತಿರುವುದು ಮುಂದಿನ ಫೋರ್ಕಿನ ಬಾಗಿಗೆ. ಮುಕ್ಕಾಲು ಉದ್ದದವರೆಗೆ ನೇರವಾಗಿ ಇಳಿದು, ಕೊನೆಯ ಒಂದು ಗೇಣಿನಲ್ಲಿ ಮುಂದಕ್ಕೆ ಹೊರಳುತ್ತದೆ. ಕೊಳವೆ ಅಲ್ಲಿ ಹೆಬ್ಬೆರಳಿಗಿಂತ ಸಣ್ಣದು. ಒರಟು ರಸ್ತೆಯಲ್ಲಿ ಮೇಲಿನಿಂದ ನೋಡಿದರೆ ಅಚ್ಚು ಹಿಂದಕ್ಕೂ ಮುಂದಕ್ಕೂ ಸಣ್ಣಗೆ ತುಯ್ಯುವುದು ಕಾಣುತ್ತದೆ. ಡಿಸ್ಕ್ ಬ್ರೇಕ್ ಬೇಕೆಂದಿದ್ದರೆ ಇದು ಸಿಗುತ್ತಿರಲಿಲ್ಲ. ಬ್ರೇಕಿನ ಎಳೆತವೆಲ್ಲ ಒಂದೇ ಕಾಲಿನ ಬುಡಕ್ಕೆ ಬೀಳುವುದರಿಂದ ಕೊಳವೆ ದಪ್ಪವಾಗಲೇಬೇಕು. ಮಳೆಯಲ್ಲಿ ಇಳಿಜಾರು ಇಳಿಯುವಾಗ ಡಿಸ್ಕ್ ಇರಬೇಕಿತ್ತು ಎಂದು ಹಲುಬಿದ್ದೂ ಉಂಟು. ಕೆಳಗೆ ಬಂದು ಸೈಕಲ್ ಒರಗಿಸಿದ ಮೇಲೆ ಮರೆಯುತ್ತೇನೆ.

ಮಡ್‌ಗಾರ್ಡಿನದೂ ಇದೇ ಕಥೆ. ಪ್ಯಾರಿಸ್ಸಿನ ರೆನೆ ಹರ್ಸ್, ಅಲೆಕ್ಸ್ ಸಿಂಗರ್ ಅವರಂಥ ಹಳೆಯ ಕಸುಬುದಾರರು ಮಡ್‌ಗಾರ್ಡು, ಕ್ಯಾರಿಯರ್, ದೀಪಗಳನ್ನೆಲ್ಲ ಚೌಕಟ್ಟಿನ ಜೊತೆಯಲ್ಲೇ ಯೋಚಿಸಿ ಕಟ್ಟುತ್ತಿದ್ದರು. ಅದೇ ಪಾಠ ಕಲಿತ ಕೈ ನನ್ನ ಸೈಕಲ್ಲಿನ ಹಿಂಬದಿಯಲ್ಲಿದೆ: ಮಡ್‌ಗಾರ್ಡ್ ಕೂರಬೇಕಾದ ಅಡ್ಡಪಟ್ಟಿಗಳೆಲ್ಲ ಅಚ್ಚಿನಿಂದ ಒಂದೇ ದೂರದಲ್ಲಿವೆ, ಹಾಗಾಗಿ ಟೈರಿಗೂ ತಗಡಿಗೂ ನಡುವಿನ ಬೆಳಕಿನ ಗೆರೆ ಉದ್ದಕ್ಕೂ ಒಂದೇ ಅಗಲ. ಮುಂಭಾಗದಲ್ಲಿ ಏಕೋ ಎಡವಿದ್ದಾರೆ. ಫೋರ್ಕಿನ ಕೆಳಗೆ ಆ ಗೆರೆ ಒಂದು ನಾಲ್ಕು ಮಿಲಿಮೀಟರ್ ಕಿರಿದಾಗುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮುಗಿಯಿತು, ಮತ್ತೆ ಬೇರೇನೂ ಕಾಣುವುದಿಲ್ಲ. ಒಂದು ರಬ್ಬರ್ ಬಿಲ್ಲೆ ತುರುಕಿ ಅರ್ಧ ಸರಿಮಾಡಿಕೊಂಡಿದ್ದೇನೆ.

ಬಣ್ಣದ ಬಗ್ಗೆ ದೂರಿದೆ. ಪುಡಿ ಎರಚಿ ಬೇಯಿಸುವ ಪೌಡರ್ ಕೋಟ್ ಗಟ್ಟಿ, ಆದರೆ ಅದರ ದಪ್ಪದಲ್ಲಿ ಲಗ್ಗಿನ ಅಂಚು ಹೂತುಹೋಗುತ್ತದೆ ಎಂದು ದ್ರವಬಣ್ಣವನ್ನೇ ಆರಿಸಿದೆ. ಅಂಚು ಉಳಿಯಿತು, ಬಣ್ಣ ಉಳಿಯಲಿಲ್ಲ. ಬ್ರೇಕ್ ಕೇಬಲ್ ಉಜ್ಜುವಲ್ಲಿ ಎರಡನೆಯ ವರ್ಷಕ್ಕೇ ಉಕ್ಕು ಕಂಡಿತು. ಐದನೆಯ ವರ್ಷ ಸೀಟಿನ ಲಗ್ಗಿನ ಸುತ್ತ ಬಣ್ಣ ಗುಳ್ಳೆ ಎದ್ದಿತು. ಚುಚ್ಚಿದರೆ ಒಳಗೆ ಕಂದು ಪುಡಿ. ಬೆವರು, ಮಳೆನೀರು ಎರಡೂ ಇಳಿಯುವ ಜಾಗ ಅದು. ಒಳಗಿನಿಂದ ಎಣ್ಣೆ ಸವರಬೇಕಿತ್ತು, ಸವರಿರಲಿಲ್ಲ. ಅಷ್ಟರ ಮಟ್ಟಿಗೆ ತಪ್ಪು ನನ್ನದೇ.

ಮರುಬಣ್ಣಕ್ಕೆ ಕಳೆದ ತಿಂಗಳು ಕಟ್ಟಿದವರ ಬಳಿಗೇ ಒಯ್ದೆ. ಮೊದಲ ಸಲ ಲಗ್ಗಿನ ಅಂಚಿಗೆಲ್ಲ ಬಂಗಾರದ ಬಣ್ಣದ ಎಳೆಗೆರೆ ಬರೆಸಿದ್ದೆ, ಬಂದವರೆಲ್ಲ ಹೊಗಳಿದ್ದೂ ಅದನ್ನೇ. ನನಗೆ ಅದು ಸಾಕಾಗಿತ್ತು.

‘ಈ ಸಲ ಗೆರೆ ಬೇಡ’ ಎಂದೆ.

ಅವರು ಸೀಟಿನ ಲಗ್ಗಿನ ಮೇಲೆ ಹೆಬ್ಬೆರಳಾಡಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹಾಗಾದರೆ ಇನ್ನೊಂದು ವಾರ ಕೊಡಿ. ಇಲ್ಲಿ ಅರ ಹಾಕಬೇಕು’ ಎಂದರು.